ಓದುಗರ ಪ್ರಶ್ನೆ: ಸೇಬಿನ ಹೋಳು, ನಿಂಬೆರಸ ಮತ್ತು ಮಾತ್ರೆಯ ಬಾಟಲಿ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಆ್ಯಂಟಿಆಕ್ಸಿಡೆಂಟ್. ಯಾವುದರಲ್ಲಿ ಇದೆ, ಎಷ್ಟು ತಿನ್ನಬೇಕು, ಮಾತ್ರೆ ನುಂಗಿದರೆ ಸಾಕಾ, ಬೇಯಿಸಿದರೆ ಹಾಳಾಗುತ್ತಾ ಅಂತೆಲ್ಲ ಕೇಳಿದ್ದೀರಿ. ಆಹಾರ ಸಲಹೆಗಾರ್ತಿಯಾಗಿ ನಾನು ಕೆಲಸ ಶುರು ಮಾಡಿ ಮೂವತ್ತು ವರ್ಷ ದಾಟಿದೆ. ಈ ಒಂದು ವಿಷಯದಲ್ಲಿ ಮೊದಲು ಹೇಳಿದ್ದನ್ನು ಆಮೇಲೆ ತಿದ್ದಿಕೊಳ್ಳಬೇಕಾಯಿತು. ಅದನ್ನೂ ಮುಚ್ಚಿಡದೆ ಇಲ್ಲಿ ಬರೆದಿದ್ದೇನೆ.

ಪ್ರಶ್ನೆ: ಎಲ್ಲರೂ ‘ಆ್ಯಂಟಿಆಕ್ಸಿಡೆಂಟ್ ತುಂಬಿದೆ, ತಿನ್ನು’ ಅಂತಾರೆ. ಅದು ಒಳಗೆ ಹೋಗಿ ನಿಜವಾಗಿ ಏನು ಮಾಡುತ್ತೆ? ಪುಸ್ತಕದಲ್ಲಿ ಓದಿದೆ, ಅರ್ಥ ಆಗಲಿಲ್ಲ.
– ಕಾಲೇಜು ವಿದ್ಯಾರ್ಥಿನಿ

ಉತ್ತರ: ಒಂದು ಸೇಬು ತಗೊಂಡು ಎರಡು ಹೋಳು ಮಾಡಿ. ಒಂದರ ಮೇಲೆ ನಿಂಬೆರಸ ಸವರಿ, ಇನ್ನೊಂದನ್ನು ಹಾಗೇ ಬಿಡಿ. ಅರ್ಧ ಗಂಟೆ ಬಿಟ್ಟು ಬಂದು ನೋಡಿ. ಸುಮ್ನೆ ಬಿಟ್ಟ ಹೋಳಿಗೆ ಕಂದು ಬಣ್ಣ ಬಂದಿರುತ್ತದೆ. ನಿಂಬೆರಸ ಹಚ್ಚಿದ್ದು ಬೆಳ್ಳಗೇ ಇರುತ್ತದೆ.

ಚಾಕು ಇಳಿದಾಗ ಸೇಬಿನ ಜೀವಕೋಶಗಳು ಒಡೆಯುತ್ತವೆ. ಅಲ್ಲಿಯವರೆಗೆ ಬೇರೆ ಬೇರೆ ಕೋಣೆಯಲ್ಲಿದ್ದ ಪಾಲಿಫಿನಾಲ್‌ಗಳು (ಗಿಡ ತನ್ನ ರಕ್ಷಣೆಗೆ ಮಾಡಿಕೊಳ್ಳುವ ವಸ್ತುಗಳು) ಮತ್ತು ಒಂದು ಕಿಣ್ವ ಒಟ್ಟಿಗೆ ಸೇರುತ್ತವೆ. ಗಾಳಿಯ ಆಮ್ಲಜನಕವೂ ಬಂದು ಕೂಡಿಕೊಂಡಾಗ ಕಂದು ಬಣ್ಣ ಬರುತ್ತದೆ. ನಿಂಬೆರಸ ಎರಡು ಕೆಲಸ ಮಾಡುತ್ತದೆ. ಅದರ ಹುಳಿ ಆ ಕಿಣ್ವವನ್ನು ನಿಧಾನ ಮಾಡುತ್ತದೆ. ಅದರಲ್ಲಿರುವ ವಿಟಮಿನ್ ಸಿ ತಾನೇ ಮುಂದೆ ನಿಂತು, ಸೇಬಿಗೆ ಬೀಳುವ ಏಟನ್ನು ತನ್ನ ಮೇಲೆ ಹಾಕಿಕೊಳ್ಳುತ್ತದೆ. ವಿಟಮಿನ್ ಸಿ ಖರ್ಚಾಗಿ ಮುಗಿದ ಮೇಲೆ ಆ ಹೋಳೂ ನಿಧಾನಕ್ಕೆ ಕಂದಾಗುತ್ತದೆ. ಆ್ಯಂಟಿಆಕ್ಸಿಡೆಂಟ್ ಅಂದರೆ ಹೀಗೆ ತಾನು ಸವೆದು ಇನ್ನೊಂದನ್ನು ಉಳಿಸುವ ವಸ್ತು.

ನಮ್ಮ ದೇಹದಲ್ಲೂ ಇಂಥದ್ದು ದಿನವಿಡೀ ನಡೆಯುತ್ತದೆ. ತಿಂದ ಅನ್ನವನ್ನು ಆಮ್ಲಜನಕದ ಜೊತೆ ಸೇರಿಸಿ ಶಕ್ತಿ ಮಾಡಿಕೊಳ್ಳುವಾಗ ಒಂದಷ್ಟು ಫ್ರೀ ರಾಡಿಕಲ್‌ಗಳು ಹುಟ್ಟುತ್ತವೆ. ಇವುಗಳಲ್ಲಿ ಜೋಡಿ ಇಲ್ಲದ ಒಂಟಿ ಎಲೆಕ್ಟ್ರಾನ್ ಇರುತ್ತದೆ. ಜೋಡಿಗಾಗಿ ಪಕ್ಕದ ಅಣುವಿನಿಂದ ಕಿತ್ತುಕೊಳ್ಳುತ್ತವೆ. ಅದು ತನ್ನ ಪಕ್ಕದ್ದರಿಂದ ಕಿತ್ತುಕೊಳ್ಳುತ್ತದೆ. ಸಿಗರೇಟಿನ ಹೊಗೆ, ಸುಡುವ ಬಿಸಿಲು, ಕೆಟ್ಟ ಗಾಳಿಯಿಂದ ಇವು ಇನ್ನೂ ಜಾಸ್ತಿಯಾಗುತ್ತವೆ. ಮುಪ್ಪಿಗೆ ಇದೇ ಕಾರಣ ಇರಬಹುದು ಅಂತ ಅಮೆರಿಕದ ವಿಜ್ಞಾನಿ ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲಿ ಬರೆದರು. ಫ್ರೀ ರಾಡಿಕಲ್ ಅಂದರೆ ಶತ್ರು, ಆ್ಯಂಟಿಆಕ್ಸಿಡೆಂಟ್ ಅಂದರೆ ಕಾವಲುಗಾರ ಎನ್ನುವ ಮಾತು ಮನೆಮನೆಗೆ ಹಬ್ಬಿದ್ದು ಅಲ್ಲಿಂದ ಮುಂದೆ.

ಆದರೆ ನಮ್ಮ ದೇಹ ಸೇಬಿನ ಹೋಳಲ್ಲ. ಎಲ್ಲರೂ ಎಡವುವುದು ಇಲ್ಲೇ. ಸೇಬಿಗೆ ನಿಂಬೆರಸ ಹೊರಗಿನಿಂದ ಬೇಕು. ನಮ್ಮ ಒಳಗೆ ಕಾವಲು ಮೊದಲೇ ಇದೆ. ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವದ ಕೆಲಸ ಏನು ಅಂತ 1969ರಲ್ಲೇ ಮೆಕಾರ್ಡ್ ಮತ್ತು ಫ್ರಿಡೊವಿಚ್ ಎಂಬ ವಿಜ್ಞಾನಿಗಳು ಕಂಡುಕೊಂಡರು. ಅದರ ಜೊತೆ ಕ್ಯಾಟಲೇಸ್ ಇದೆ, ಗ್ಲುಟಾಥಯೋನ್ ಇದೆ. ಇವೆಲ್ಲ ನಮ್ಮ ಜೀವಕೋಶಗಳೇ ತಯಾರಿಸಿಕೊಳ್ಳುವಂಥವು. ಫ್ರೀ ರಾಡಿಕಲ್ ಕೂಡ ಪೂರ್ತಿ ಕೆಟ್ಟದ್ದಲ್ಲ. ರಕ್ತದ ಬಿಳಿ ಕಣಗಳು ರೋಗಾಣುಗಳನ್ನು ಕೊಲ್ಲುವುದು ಇವನ್ನೇ ಬಳಸಿ.

ಹಾಗಾದರೆ ಗಿಡದಿಂದ ಬರುವ ಪಾಲಿಫಿನಾಲ್‌ಗಳ ಪಾತ್ರ ಏನು? ನಾವು ತಿಂದದ್ದರಲ್ಲಿ ರಕ್ತಕ್ಕೆ ಸೇರುವುದು ಸ್ವಲ್ಪ. ಸೇರಿದ್ದನ್ನೂ ಯಕೃತ್ತು ಬೇಗ ರೂಪ ಬದಲಿಸಿ ಹೊರಗೆ ಕಳಿಸುತ್ತದೆ. ಹೆಚ್ಚಿನ ಪಾಲು ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಸಣ್ಣ ಸಣ್ಣ ಅಣು ಮಾಡುತ್ತವೆ, ಅವುಗಳಲ್ಲಿ ಕೆಲವು ಮತ್ತೆ ರಕ್ತಕ್ಕೆ ಬರುತ್ತವೆ. ಇಷ್ಟು ಕಡಿಮೆ ಪ್ರಮಾಣದಲ್ಲಿ ಇವು ನೇರವಾಗಿ ಫ್ರೀ ರಾಡಿಕಲ್ ಜೊತೆ ಗುದ್ದಾಡುವುದು ಕಷ್ಟ. ಬದಲಿಗೆ ಇವು ಜೀವಕೋಶವನ್ನು ಮೆಲ್ಲಗೆ ತಟ್ಟಿ ಎಬ್ಬಿಸುತ್ತವೆ. ಉದಾಹರಣೆಗೆ ಬ್ರೊಕೊಲಿಯಲ್ಲಿ ಸಿಗುವ ಸಲ್ಫೊರಾಫೇನ್. ಅದನ್ನು ಕಂಡ ಜೀವಕೋಶ ‘ಏನೋ ಬಂತು’ ಅಂತ ಎಚ್ಚೆತ್ತು, ತನ್ನದೇ ರಕ್ಷಣೆಯ ಕಿಣ್ವಗಳನ್ನು ಜಾಸ್ತಿ ತಯಾರಿಸುತ್ತದೆ. ಕೋಕೋ ಮತ್ತು ಚಹಾದ ಫ್ಲಾವನಾಲ್‌ಗಳು ರಕ್ತನಾಳದ ಗೋಡೆಯಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿಸಿ ನಾಳ ಸಡಿಲವಾಗಲು ನೆರವಾಗುತ್ತವೆ. ಕಾವಲಿನ ಕೆಲಸ ದೇಹದ್ದೇ. ಗಿಡ ಮಾಡುವುದು ಕಾವಲುಗಾರನನ್ನು ಎಚ್ಚರವಾಗಿಡುವ ಕೆಲಸ.

ಗಿಡಕ್ಕೆ ಇವೆಲ್ಲ ಯಾಕೆ ಬೇಕು ಅಂತಲೂ ಯೋಚಿಸಿ. ಬಿಸಿಲು ಜಾಸ್ತಿ ಆದರೆ ನಾವು ನೆರಳಿಗೆ ಹೋಗುತ್ತೇವೆ. ಗಿಡಕ್ಕೆ ಹೋಗಲು ಆಗಲ್ಲ, ಅಲ್ವಾ? ಹುಳ ಬಂದರೂ ಅಲ್ಲೇ ನಿಲ್ಲಬೇಕು. ಹಾಗಾಗಿ ತನಗೆ ಬೇಕಾದ ಕೊಡೆಯನ್ನೂ ಔಷಧಿಯನ್ನೂ ತಾನೇ ಮಾಡಿಕೊಳ್ಳುತ್ತದೆ. ಕ್ಯಾರೆಟ್‌ನ ಕಿತ್ತಳೆ ಬಣ್ಣ, ದ್ರಾಕ್ಷಿಯ ನೇರಳೆ ಬಣ್ಣ, ಚಹಾದ ಒಗರು ಎಲ್ಲ ಅದೇ.

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ. ಎಷ್ಟು ಹೇಳಿದರೂ ಸಿಗರೇಟು ಬಿಡುತ್ತಿಲ್ಲ. ಶ್ವಾಸಕೋಶಕ್ಕೆ ಒಳ್ಳೆಯದಾಗಲಿ ಅಂತ ಬೀಟಾ ಕ್ಯಾರೊಟಿನ್ ಮತ್ತು ವಿಟಮಿನ್ ಇ ಇರುವ ಮಾತ್ರೆ ತಂದು ಕೊಡುತ್ತಿದ್ದೇನೆ. ಮುಂದುವರಿಸಲಾ?
– ಚಿಂತೆಯಲ್ಲಿರುವ ಮಗ

ಉತ್ತರ: ಮುಂದುವರಿಸಬೇಡಿ. ಇವತ್ತೇ ನಿಲ್ಲಿಸಿ. ನಿಮ್ಮ ಪತ್ರ ಓದಿ ನನಗೆ ನನ್ನ ಅಪ್ಪನೇ ನೆನಪಾದರು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಇದನ್ನೇ ಮಾಡಿದ್ದೆ. ಅಪ್ಪ ದಿನಕ್ಕೆ ಒಂದು ಪ್ಯಾಕ್ ಸೇದುತ್ತಿದ್ದರು. ಕಂದು ಬಣ್ಣದ ಗಾಜಿನ ಬಾಟಲಿ, ಒಳಗೆ ಕಿತ್ತಳೆ ಬಣ್ಣದ ಮೆತ್ತನೆ ಗುಳಿಗೆಗಳು. ಊಟ ಆದ ಮೇಲೆ ಒಂದು ಗುಳಿಗೆ ನುಂಗಿ, ಆಮೇಲೆ ಹೊರಗೆ ಹೋಗಿ ಸಿಗರೇಟು ಹಚ್ಚುತ್ತಿದ್ದರು. ‘ನೀನು ಕೊಟ್ಟ ಮಾತ್ರೆ ಇದೆಯಲ್ಲ ಮಗಳೇ, ಬಿಡು’ ಅನ್ನುತ್ತಿದ್ದರು. ಆ ಮಾತು ಕೇಳಿ ನನಗೆ ಸಮಾಧಾನವೂ ಆಗುತ್ತಿತ್ತು. ತರಕಾರಿ, ಹಣ್ಣು ಜಾಸ್ತಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಆಗ ಹಲವು ಅಧ್ಯಯನಗಳು ಹೇಳಿದ್ದವು. ಅವರ ರಕ್ತದಲ್ಲಿ ಬೀಟಾ ಕ್ಯಾರೊಟಿನ್, ಅಂದರೆ ಕ್ಯಾರೆಟ್ಟಿಗೆ ಕಿತ್ತಳೆ ಬಣ್ಣ ಕೊಡುವ ವಸ್ತು, ಕೂಡ ಜಾಸ್ತಿ ಇರುತ್ತಿತ್ತು. ಹಾಗಾದರೆ ಬೀಟಾ ಕ್ಯಾರೊಟಿನ್ ಒಂದನ್ನೇ ತೆಗೆದು ಗುಳಿಗೆ ಮಾಡಿ ಕೊಟ್ಟರೆ ಆಯಿತಲ್ಲ ಅಂತ ಎಲ್ಲರೂ ಅಂದುಕೊಂಡಿದ್ದೆವು.

ಫಿನ್‌ಲೆಂಡಿನಲ್ಲಿ ಅದನ್ನು ಸರಿಯಾಗಿ ಪರೀಕ್ಷೆ ಮಾಡಿದರು. 50ರಿಂದ 69 ವರ್ಷದ 29,133 ಗಂಡಸರು, ಎಲ್ಲರೂ ಸಿಗರೇಟು ಸೇದುವವರು. ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಇನ್ನು ಕೆಲವರಿಗೆ ಔಷಧಿ ಇಲ್ಲದ ಬರೀ ಗುಳಿಗೆ. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕ್ಯಾರೊಟಿನ್ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗಿರಲಿಲ್ಲ, ಶೇ 18ರಷ್ಟು ಜಾಸ್ತಿ ಆಗಿತ್ತು. ನಂಬೋಕೆ ಆಗಲಿಲ್ಲ. ಅಮೆರಿಕದಲ್ಲಿ ಇನ್ನೊಂದು ಅಧ್ಯಯನ ನಡೆದಿತ್ತು. ಸಿಗರೇಟು ಸೇದುವವರು, ಹಿಂದೆ ಸೇದಿದವರು, ಕಲ್ನಾರಿನ ಧೂಳಿನಲ್ಲಿ ಕೆಲಸ ಮಾಡಿದವರು ಸೇರಿ 18,314 ಜನ. ಬೀಟಾ ಕ್ಯಾರೊಟಿನ್ ಜೊತೆ ವಿಟಮಿನ್ ಎ ಕೊಡುತ್ತಿದ್ದರು. ಅಲ್ಲಿ ಶೇ 28ರಷ್ಟು ಜಾಸ್ತಿ ಕ್ಯಾನ್ಸರ್ ಕಂಡುಬಂತು. 1996ರ ಜನವರಿಯಲ್ಲಿ, ಮುಗಿಯಬೇಕಾದ ದಿನಕ್ಕಿಂತ 21 ತಿಂಗಳು ಮೊದಲೇ ಅದನ್ನು ನಿಲ್ಲಿಸಿಬಿಟ್ಟರು.

ಫಿನ್‌ಲೆಂಡಿನ ಫಲಿತಾಂಶ ಓದಿದ ದಿನ ನಾನು ಮನೆಗೆ ಹೋಗಿ ಆ ಬಾಟಲಿಯನ್ನು ಸಿಂಕ್‌ಗೆ ಸುರಿದೆ. ಗುಳಿಗೆಗಳು ನೀರಲ್ಲಿ ಮೆತ್ತಗಾಗಿ ಸಿಂಕ್‌ನ ಜಾಲರಿಗೆ ಅಂಟಿಕೊಂಡವು. ಅಪ್ಪನ ಮುಂದೆ ಕೂತು ‘ನಾನು ತಪ್ಪು ಹೇಳಿದ್ದೆ ಅಪ್ಪ’ ಅಂದೆ. ಅವರು ಏನೂ ಅನ್ನಲಿಲ್ಲ. ಸಿಗರೇಟು ಬಿಟ್ಟಿದ್ದು ಅದಾದ ಎರಡು ವರ್ಷಕ್ಕೆ.

ಈಗ ಒಂದು ಮುಖ್ಯವಾದ ವಿಷಯ ಕೇಳಿ. ಅದೇ ಫಿನ್‌ಲೆಂಡಿನ ಅಧ್ಯಯನದಲ್ಲಿ, ಶುರುವಿನಲ್ಲೇ ಊಟದ ಮೂಲಕ ಬೀಟಾ ಕ್ಯಾರೊಟಿನ್ ಜಾಸ್ತಿ ತಿನ್ನುತ್ತಿದ್ದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯೇ ಇತ್ತು. ವಸ್ತು ಒಂದೇ. ತಟ್ಟೆಯಿಂದ ಬಂದಾಗ ಒಂದು ಥರ, ಗುಳಿಗೆಯಿಂದ ಬಂದಾಗ ಇನ್ನೊಂದು ಥರ. ಕ್ಯಾರೆಟ್‌ನಲ್ಲಿ ಅದು ಒಂಟಿಯಾಗಿ ಇರಲ್ಲ. ನಾರು ಇರುತ್ತದೆ, ಹತ್ತಾರು ಬೇರೆ ವಸ್ತುಗಳಿರುತ್ತವೆ, ನಿಧಾನಕ್ಕೆ ಒಳಗೆ ಹೋಗುತ್ತದೆ. ಗುಳಿಗೆಯಲ್ಲಿ ಬಂದದ್ದು ದೊಡ್ಡ ಪ್ರಮಾಣದಲ್ಲಿ ಹೊಗೆ ತುಂಬಿದ ಶ್ವಾಸಕೋಶಕ್ಕೆ ಹೋದಾಗ, ಅದೇ ಒಡೆದು ಹಾನಿ ಮಾಡುವ ಚೂರುಗಳಾಗುತ್ತದೆ ಎನ್ನುವುದು ಒಂದು ವಿವರಣೆ. ತರಕಾರಿ ಜಾಸ್ತಿ ತಿನ್ನುವವರ ಜೀವನದಲ್ಲಿ ಬೇರೆ ಒಳ್ಳೆಯ ಅಭ್ಯಾಸಗಳೂ ಇರುತ್ತವೆ, ಅದನ್ನೂ ಮರೆಯಬಾರದು.

ವಿಟಮಿನ್ ಇ ಕಥೆಯೂ ಹಾಗೇ. 35,533 ಗಂಡಸರ ಮೇಲೆ ನಡೆದ ಅಧ್ಯಯನದಲ್ಲಿ ದಿನಕ್ಕೆ 400 ಯೂನಿಟ್ ವಿಟಮಿನ್ ಇ ಮಾತ್ರ ತಗೊಂಡವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಜಾಸ್ತಿ ಬಂದಿದ್ದು 2011ರಲ್ಲಿ ಗೊತ್ತಾಯಿತು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರಲ್ಲಿ ಅದು ರಕ್ತಸ್ರಾವದ ಅಪಾಯವನ್ನೂ ಹೆಚ್ಚಿಸುತ್ತದೆ.

ತಂದೆಗೆ ಕ್ಯಾರೆಟ್ ಕೊಡಿ, ಪಾಲಕ್ ಕೊಡಿ, ಕಿತ್ತಳೆ ಕೊಡಿ. ಭಯ ಬೇಡ. ಮಾತ್ರೆಗೆ ಹಾಕುವ ದುಡ್ಡನ್ನು ಸಿಗರೇಟು ಬಿಡಿಸುವ ಚಿಕಿತ್ಸೆಗೆ ಹಾಕಿ. ನಿಕೋಟಿನ್ ಗಮ್, ಪ್ಯಾಚ್, ಕೌನ್ಸೆಲಿಂಗ್ ಎಲ್ಲ ಇವೆ. 62ರಲ್ಲಿ ಬಿಟ್ಟರೂ ಲಾಭ ಇದೆ. ಒಂದು ಸಲ ಬಿಟ್ಟು ಮತ್ತೆ ಹಿಡಿದರೆ ಬೈಯಬೇಡಿ. ನನ್ನ ಅಪ್ಪ ಮೂರು ಸಲ ಬಿಟ್ಟು ನಾಲ್ಕನೇ ಸಲ ಗೆದ್ದರು.

ಪ್ರಶ್ನೆ: ಹಾಗಾದರೆ ಆ್ಯಂಟಿಆಕ್ಸಿಡೆಂಟ್ ಮಾತ್ರೆ ಯಾರಿಗೂ ಬೇಡವಾ? ನನ್ನ ಅಕ್ಕನಿಗೆ ಕಣ್ಣಿನ ಡಾಕ್ಟರೇ ಬರೆದುಕೊಟ್ಟಿದ್ದಾರೆ.
– ನಿವೃತ್ತ ಶಿಕ್ಷಕಿ

ಉತ್ತರ: ಅದು ಬೇರೆ, ಅದನ್ನು ನಿಲ್ಲಿಸಬೇಡಿ. ವಯಸ್ಸಾದಂತೆ ಕಣ್ಣಿನ ಅಕ್ಷಿಪಟಲದ ನಡುಭಾಗ, ಅಂದರೆ ಮ್ಯಾಕ್ಯುಲಾ, ಸವೆಯುವ ಕಾಯಿಲೆ ಒಂದಿದೆ. ಅದು ಮಧ್ಯಮ ಹಂತ ತಲುಪಿದವರಿಗೆ ವಿಟಮಿನ್ ಸಿ, ಇ, ಬೀಟಾ ಕ್ಯಾರೊಟಿನ್, ಸತು ಇರುವ ಮಾತ್ರೆ ಕೊಟ್ಟಾಗ ಕಾಯಿಲೆ ಮುಂದುವರಿಯುವ ಸಾಧ್ಯತೆ ಸುಮಾರು ಶೇ 25ರಷ್ಟು ಇಳಿಯಿತು ಅಂತ 2001ರಲ್ಲಿ ಗೊತ್ತಾಯಿತು. ಸಿಗರೇಟು ಸೇದಿದವರ ಬಗ್ಗೆ ಮೇಲೆ ಬರೆದೆನಲ್ಲ, ಅದೇ ಕಾರಣಕ್ಕೆ 2013ರ ಅಧ್ಯಯನದ ನಂತರ ಬೀಟಾ ಕ್ಯಾರೊಟಿನ್ ತೆಗೆದು ಲ್ಯೂಟಿನ್ ಮತ್ತು ಜಿಯಾಕ್ಸಾಂಥಿನ್ ಸೇರಿಸಿದರು. ಅಕ್ಕನ ಮಾತ್ರೆಯ ಮೇಲೆ ಈ ಎರಡು ಹೆಸರು ಇದೆಯಾ ನೋಡಿ. ಕಣ್ಣು ಸರಿಯಾಗಿರುವವರು ಮುನ್ನೆಚ್ಚರಿಕೆ ಅಂತ ಇದನ್ನು ನುಂಗುವ ಅಗತ್ಯ ಇಲ್ಲ. ಪಾಲಕ್, ಜೋಳದ ತೆನೆ, ಮೊಟ್ಟೆಯ ಹಳದಿ ಭಾಗದಲ್ಲಿ ಲ್ಯೂಟಿನ್ ಚೆನ್ನಾಗಿ ಸಿಗುತ್ತದೆ.

ಪ್ರಶ್ನೆ: ತರಕಾರಿ ಹಸಿಯಾಗಿ ತಿಂದರೆ ಮಾತ್ರ ಸತ್ವ ಸಿಗೋದು, ಬೇಯಿಸಿದರೆ ಎಲ್ಲ ಸತ್ತುಹೋಗುತ್ತೆ ಅಂತ ನಮ್ಮ ಯಜಮಾನರು ಹಟ ಹಿಡಿದಿದ್ದಾರೆ. ದಿನಾ ಸಲಾಡ್. ಅದಕ್ಕೆ ಎಣ್ಣೆಯೂ ಬೇಡವಂತೆ. ನನಗೆ ಬೇಯಿಸಿದ್ದೇ ಇಷ್ಟ. ಯಾರು ಸರಿ?
– ಗೃಹಿಣಿ

ಉತ್ತರ: ಒಂದೊಂದು ತರಕಾರಿಗೆ ಒಂದೊಂದು ಉತ್ತರ. ಹಾಗಾಗಿ ಇಬ್ಬರೂ ಸ್ವಲ್ಪ ಸ್ವಲ್ಪ ಸರಿ. ಎಣ್ಣೆ ವಿಷಯದಲ್ಲಿ ಮಾತ್ರ ಅವರದ್ದು ತಪ್ಪು.

ಟೊಮೆಟೊದ ಕೆಂಪು ಬಣ್ಣ ಲೈಕೋಪೀನ್‌ನದ್ದು. ಹಸಿ ಟೊಮೆಟೊದಲ್ಲಿ ಅದು ಜೀವಕೋಶದ ಗೋಡೆಯೊಳಗೆ ಗಟ್ಟಿಯಾಗಿ ಕೂತಿರುತ್ತದೆ. ಬೇಯಿಸಿ ಅರೆದರೆ ಗೋಡೆ ಒಡೆದು ಸುಲಭವಾಗಿ ಹೊರಗೆ ಬರುತ್ತದೆ. ಅದು ನೀರಿನಲ್ಲಿ ಕರಗಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಟೊಮೆಟೊ ಬೇಯುವಾಗ ಪಾತ್ರೆಯ ಅಂಚಿಗೆ ಬಂದು ನಿಲ್ಲುವ ಎಣ್ಣೆಯನ್ನು ನೋಡಿ. ಹಾಕಿದಾಗ ತಿಳಿ ಹಳದಿ ಇದ್ದದ್ದು ಈಗ ಕಿತ್ತಳೆ ಕೆಂಪು. ಆ ಬಣ್ಣವೇ ಲೈಕೋಪೀನ್. ಚಮಚದಲ್ಲಿ ಆ ಎಣ್ಣೆಯನ್ನು ತೆಗೆದು ಚೆಲ್ಲಬೇಡಿ. ಕ್ಯಾರೆಟ್‌ಗೂ ಇದೇ ಮಾತು. ಎಣ್ಣೆ ಒಂಚೂರೂ ಇಲ್ಲದ ಸಲಾಡ್ ತಿಂದವರ ರಕ್ತಕ್ಕೆ ಈ ಬಣ್ಣಗಳು ಹೆಚ್ಚುಕಡಿಮೆ ಸೇರಲೇ ಇಲ್ಲ ಅಂತ 2004ರ ಒಂದು ಅಧ್ಯಯನ ತೋರಿಸಿತು. ಯಜಮಾನರ ಸಲಾಡ್ ಮೇಲೆ ಒಂದು ಚಮಚ ಎಣ್ಣೆ ಹಾಕಿ, ಇಲ್ಲಾ ಒಂದು ಹಿಡಿ ಬೀಜಗಳನ್ನು ಉದುರಿಸಿ.

ವಿಟಮಿನ್ ಸಿ ಇದಕ್ಕೆ ಉಲ್ಟಾ. ಬಿಸಿಗೆ ಕೆಡುತ್ತದೆ, ನೀರಿಗೆ ಇಳಿಯುತ್ತದೆ. ತರಕಾರಿಯನ್ನು ತುಂಬಾ ನೀರಲ್ಲಿ ಕುದಿಸಿ ಆ ನೀರು ಬಸಿದುಬಿಟ್ಟರೆ ಅರ್ಧ ಸತ್ವ ಬಚ್ಚಲಿಗೆ ಹೋದ ಹಾಗೆ. ಕಡಿಮೆ ನೀರು, ಮುಚ್ಚಿದ ಪಾತ್ರೆ, ಸ್ವಲ್ಪ ಹೊತ್ತು. ಆವಿಯಲ್ಲಿ ಬೇಯಿಸಿದರೆ ಇನ್ನೂ ಒಳ್ಳೆಯದು.

ಬೆಳ್ಳುಳ್ಳಿಯನ್ನು ಜಜ್ಜಿದ ಕೂಡಲೇ ಬಿಸಿ ಎಣ್ಣೆಗೆ ಹಾಕಬೇಡಿ. ಅದರ ಘಾಟು ಬರುವುದು ಅಲಿಸಿನ್‌ನಿಂದ. ಅಲಿಸಿನ್ ಇಡೀ ಎಸಳಿನಲ್ಲಿ ಇರಲ್ಲ, ಜಜ್ಜಿದ ಮೇಲೆ ಒಂದು ಕಿಣ್ವ ಅದನ್ನು ತಯಾರಿಸುತ್ತದೆ. ಬಿಸಿ ತಾಗಿದರೆ ಆ ಕಿಣ್ವ ಅಲ್ಲಿಗೇ ಮುಗಿಯಿತು. ಹತ್ತು ನಿಮಿಷ ಬಿಡಿ, ಆಮೇಲೆ ಹಾಕಿ. ಬ್ರೊಕೊಲಿಯ ಸಲ್ಫೊರಾಫೇನ್ ಕೂಡ ಹೀಗೇ. ಸಣ್ಣಗೆ ಹೆಚ್ಚಿ ಸ್ವಲ್ಪ ಹೊತ್ತು ಬಿಟ್ಟು ಬೇಯಿಸಿ. ಮೊದಲೇ ಬೇಯಿಸಿಬಿಟ್ಟಿದ್ದರೆ ಮೇಲೆ ಚಿಟಿಕೆ ಹಸಿ ಸಾಸಿವೆ ಪುಡಿ ಉದುರಿಸಿ. ಸಾಸಿವೆ ಅದೇ ಕುಟುಂಬದ ಗಿಡ. ಬ್ರೊಕೊಲಿಯಲ್ಲಿ ಸತ್ತ ಕಿಣ್ವ ಸಾಸಿವೆಯಲ್ಲಿ ಜೀವಂತ ಇರುತ್ತದೆ. ಈರುಳ್ಳಿ ಸುಲಿಯುವಾಗ ಕಾಗದದಂಥ ಸಿಪ್ಪೆ ಮಾತ್ರ ತೆಗೆಯಿರಿ. ಅದರಲ್ಲಿರುವ ಕ್ವೆರ್ಸೆಟಿನ್ ಎಂಬ ಆ್ಯಂಟಿಆಕ್ಸಿಡೆಂಟ್ ಹೊರಗಿನ ಪದರಗಳಲ್ಲೇ ಜಾಸ್ತಿ.

ನೇರಳೆ ಎಲೆಕೋಸು ಸಿಕ್ಕರೆ ಮಕ್ಕಳನ್ನು ಕೂರಿಸಿಕೊಂಡು ಒಂದು ಆಟ ಆಡಿ. ಹೆಚ್ಚಿ ಬಿಸಿನೀರಿಗೆ ಹಾಕಿ. ನೀರು ನೇರಳೆ ಆಗುತ್ತದೆ. ಮೂರು ಲೋಟಕ್ಕೆ ಸುರಿಯಿರಿ. ಒಂದಕ್ಕೆ ನಿಂಬೆರಸ ಹಿಂಡಿ, ಗುಲಾಬಿ ಆಗುತ್ತದೆ. ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ, ನೀಲಿ ಆಗುತ್ತದೆ. ಹೀಗೆ ಬದಲಾಗುವ ಆ ನೇರಳೆ ಬಣ್ಣದ ಹೆಸರು ಆಂಥೋಸಯಾನಿನ್. ಹುಳಿ ಇದ್ದಾಗ ಗಟ್ಟಿಯಾಗಿ ನಿಲ್ಲುತ್ತದೆ, ಸೋಡಾ ಬಿದ್ದರೆ ಬೇಗ ಕೆಡುತ್ತದೆ. ತರಕಾರಿ ಬೇಗ ಬೇಯಲಿ ಅಂತ ಸೋಡಾ ಹಾಕುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ವಿಟಮಿನ್ ಸಿ ಕೂಡ ಅದರಿಂದ ಹಾಳಾಗುತ್ತದೆ.

ಪ್ರಶ್ನೆ: ನನ್ನ 11 ತಿಂಗಳ ಮಗುವಿನ ಅಂಗೈ, ಅಂಗಾಲು, ಮೂಗಿನ ತುದಿ ಹಳದಿಯಾಗಿದೆ. ಕಾಮಾಲೆ ಅಂತ ಭಯ ಆಗ್ತಿದೆ. ದಿನಾ ಎರಡು ಹೊತ್ತು ಕ್ಯಾರೆಟ್ ಬೇಯಿಸಿ ಮಸೆದು ತಿನ್ನಿಸುತ್ತೇನೆ.
– ಮೊದಲ ಸಲ ತಾಯಿಯಾದವರು

ಉತ್ತರ: ಮಗುವನ್ನು ಕಿಟಕಿ ಹತ್ತಿರ ಎತ್ತಿಕೊಂಡು ಹೋಗಿ, ಹಗಲಿನ ಬೆಳಕಲ್ಲಿ ಕಣ್ಣಿನ ಬಿಳಿ ಭಾಗ ನೋಡಿ. ಅದು ಬೆಳ್ಳಗಿದ್ದರೆ ಇದು ಕ್ಯಾರೆಟ್ ಬಣ್ಣವೇ ಇರಬಹುದು. ಬೀಟಾ ಕ್ಯಾರೊಟಿನ್ ಚರ್ಮದಲ್ಲಿ ಕೂರುತ್ತದೆ, ಕಣ್ಣಿನ ಬಿಳಿ ಭಾಗಕ್ಕೆ ಬಣ್ಣ ಕೊಡಲ್ಲ. ಕಾಮಾಲೆಯಲ್ಲಿ ಕಣ್ಣೂ ಹಳದಿ ಆಗುತ್ತದೆ, ಮೂತ್ರ ಗಾಢವಾಗುತ್ತದೆ. ಹಾಗಿದ್ದರೆ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ. ಕಣ್ಣು ಬೆಳ್ಳಗಿದ್ದರೂ ಒಂದು ಸಲ ತೋರಿಸಿಬಿಡಿ, ನಿಮ್ಮ ಮನಸ್ಸಿಗೂ ನೆಮ್ಮದಿ. ಕ್ಯಾರೆಟ್ ಕಡಿಮೆ ಮಾಡಿ ಬೇರೆ ಬೇರೆ ತರಕಾರಿ ಕೊಟ್ಟರೆ ಕೆಲವು ವಾರಗಳಲ್ಲಿ ಬಣ್ಣ ಇಳಿಯುತ್ತದೆ. ನೀವು ಮಗುವಿಗೆ ಏನೂ ಕೆಟ್ಟದ್ದು ಮಾಡಿಲ್ಲ, ಅಳಬೇಡಿ.

ಪ್ರಶ್ನೆ: ರೆಡ್ ವೈನ್ ಹೃದಯಕ್ಕೆ ಒಳ್ಳೆಯದು, ಅದರಲ್ಲಿ ರೆಸ್ವೆರಟ್ರಾಲ್ ಇದೆ ಅಂತಾರೆ. ದಿನಾ ಒಂದು ಗ್ಲಾಸ್ ಶುರು ಮಾಡಲಾ?

ಉತ್ತರ: ಬೇಡ. ರೆಸ್ವೆರಟ್ರಾಲ್ ದ್ರಾಕ್ಷಿ ಸಿಪ್ಪೆಯಿಂದ ಬರುವ ಪಾಲಿಫಿನಾಲ್. ಒಂದು ಗ್ಲಾಸಿನಲ್ಲಿ ಅದು ಇರುವುದು ತೀರಾ ಅಲ್ಪ. ಮದ್ಯ ಕ್ಯಾನ್ಸರ್ ತರುತ್ತದೆ ಎನ್ನುವುದು ಮಾತ್ರ ಖಚಿತ. ದ್ರಾಕ್ಷಿಯನ್ನು ಸಿಪ್ಪೆ ಸಮೇತ ತಿನ್ನಿ.

ಪ್ರಶ್ನೆ: ನನಗೆ ಹಿಮೋಗ್ಲೋಬಿನ್ ಕಡಿಮೆ ಇದೆ. ಕಬ್ಬಿಣಾಂಶದ ಮಾತ್ರೆ ನಡೀತಿದೆ. ಆರೋಗ್ಯಕ್ಕೆ ಅಂತ ಊಟದ ಜೊತೆ ಗ್ರೀನ್ ಟೀ ಕುಡಿಯುತ್ತೇನೆ. ಆರು ತಿಂಗಳಾದರೂ ಹಿಮೋಗ್ಲೋಬಿನ್ ಏರುತ್ತಿಲ್ಲ.
– ಕಚೇರಿ ಉದ್ಯೋಗಿ

ಉತ್ತರ: ಗ್ರೀನ್ ಟೀ ಕುಡಿಯುವ ಹೊತ್ತು ಬದಲಿಸಿ ನೋಡಿ. ಚಹಾದ ಒಗರು ಬರುವುದು ಪಾಲಿಫಿನಾಲ್‌ನಿಂದ. ಅದೇ ಪಾಲಿಫಿನಾಲ್ ಹೊಟ್ಟೆಯಲ್ಲಿ ಕಬ್ಬಿಣಾಂಶವನ್ನು ಹಿಡಿದುಕೊಂಡು ಒಳಗೆ ಹೋಗದಂತೆ ಮಾಡುತ್ತದೆ. ಸೊಪ್ಪು, ಕಾಳುಗಳಿಂದ ಬರುವ ಕಬ್ಬಿಣಾಂಶಕ್ಕೆ ಇದರ ಪೆಟ್ಟು ಜಾಸ್ತಿ. ಹಾಲು ಹಾಕಿದ ಚಹಾ, ಕಾಫಿ ಕೂಡ ಇದೇ ಗುಂಪಿಗೆ ಸೇರಿದ್ದು. ಊಟಕ್ಕೂ ಚಹಾಕ್ಕೂ ಕಡಿಮೆ ಅಂದರೆ ಒಂದು ಗಂಟೆ ಅಂತರ ಇರಲಿ. ಊಟದ ಜೊತೆ ನಿಂಬೆರಸ ಹಿಂಡಿಕೊಳ್ಳಿ, ಇಲ್ಲಾ ಒಂದು ಕಿತ್ತಳೆ ತಿನ್ನಿ. ವಿಟಮಿನ್ ಸಿ ಕಬ್ಬಿಣಾಂಶವನ್ನು ಒಳಗೆ ಸೇರಿಸಲು ಸಹಾಯ ಮಾಡುತ್ತದೆ. ನೋಡಿ, ಎರಡೂ ಆ್ಯಂಟಿಆಕ್ಸಿಡೆಂಟ್‌ಗಳೇ. ಒಂದು ತಡೆಯುತ್ತದೆ, ಇನ್ನೊಂದು ದಾರಿ ಬಿಡಿಸುತ್ತದೆ. ಇಷ್ಟು ಮಾಡಿಯೂ ಏರದಿದ್ದರೆ ರಕ್ತ ಎಲ್ಲಿ ಹೋಗುತ್ತಿದೆ ಅಂತ ಡಾಕ್ಟರ್ ಹುಡುಕಬೇಕು. ಮುಟ್ಟಿನ ಸ್ರಾವ ಜಾಸ್ತಿ ಇದ್ದರೆ ಸಂಕೋಚ ಇಲ್ಲದೆ ಹೇಳಿ.

ಗ್ರೀನ್ ಟೀ ಸಾರ ತುಂಬಿದ ತೂಕ ಇಳಿಸುವ ಗುಳಿಗೆ ಮಾತ್ರ ಮುಟ್ಟಬೇಡಿ. ಅದರಲ್ಲಿರುವ ಇಜಿಸಿಜಿ ಎಂಬ ವಸ್ತುವನ್ನು ಪೂರಕವಾಗಿ ದಿನಕ್ಕೆ 800 ಮಿಲಿಗ್ರಾಂ ಮತ್ತು ಅದಕ್ಕಿಂತ ಜಾಸ್ತಿ ತಗೊಂಡರೆ ಯಕೃತ್ತಿಗೆ ತೊಂದರೆ ಆಗಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ.

ಪ್ರಶ್ನೆ: ಶೀತ ಬರಬಾರದು ಅಂತ ದಿನಾ 1000 ಮಿಲಿಗ್ರಾಂ ವಿಟಮಿನ್ ಸಿ ನುಂಗುತ್ತೇನೆ. ಜಿಮ್‌ಗೂ ಹೋಗುತ್ತೇನೆ. ಸರಿಯಾ?
– 27 ವರ್ಷದ ಯುವಕ

ಉತ್ತರ: ವಿಟಮಿನ್ ಸಿ ದೊಡ್ಡ ವಿಷಯವೇ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ, ಒಸಡಿನಿಂದ ರಕ್ತ ಬಂದು ಸೊರಗಿ ಸಾಯುವ ಸ್ಕರ್ವಿ ರೋಗದ 12 ನಾವಿಕರನ್ನು ಜೋಡಿ ಜೋಡಿ ಮಾಡಿ ಬೇರೆ ಬೇರೆ ಮದ್ದು ಕೊಟ್ಟರು. ಕಿತ್ತಳೆ, ನಿಂಬೆ ತಿಂದ ಇಬ್ಬರು ಕೆಲವೇ ದಿನಗಳಲ್ಲಿ ಎದ್ದು ಕೂತರು. ಆ ಹಣ್ಣಿನೊಳಗಿನ ವಸ್ತುವಿನ ಮೇಲೆ ಕೆಲಸ ಮಾಡಿದ ಹಂಗೆರಿಯ ಸೆಂಟ್ ಜಾರ್ಜಿ ಅವರಿಗೆ 1937ರಲ್ಲಿ ನೊಬೆಲ್ ಬಂತು. ಆದರೆ ಬೇಕಾಗುವುದು ಸ್ವಲ್ಪ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 45 ಮಿಲಿಗ್ರಾಂ. ಒಂದು ಕಿತ್ತಳೆಯಲ್ಲೇ ಸುಮಾರು 70 ಸಿಗುತ್ತದೆ.

ದಿನಾ ಮಾತ್ರೆ ನುಂಗಿದರೆ ಸಾಮಾನ್ಯ ಜನರಿಗೆ ಶೀತ ಬರುವುದೇನೂ ಕಡಿಮೆ ಆಗಲ್ಲ. ಬಂದ ಶೀತ ದೊಡ್ಡವರಲ್ಲಿ ಶೇ 8ರಷ್ಟು ಬೇಗ ಹೋಗುತ್ತದೆ, ಅಷ್ಟೇ. ಮ್ಯಾರಥಾನ್ ಓಡುವವರಂಥ ವಿಪರೀತ ದಣಿಯುವ ಜನರಲ್ಲಿ ಮಾತ್ರ ಶೀತ ಅರ್ಧದಷ್ಟು ಕಡಿಮೆ ಆಗಿದೆ. ಹೆಚ್ಚಾದ ವಿಟಮಿನ್ ಸಿಯಲ್ಲಿ ಸ್ವಲ್ಪ, ಕಲ್ಲು ಕಟ್ಟುವ ಆಕ್ಸಲೇಟ್ ಆಗಿ ಮೂತ್ರಕ್ಕೆ ಹೋಗುತ್ತದೆ. ಕಿಡ್ನಿ ಕಲ್ಲಿನ ತೊಂದರೆ ಇದ್ದವರು ಇಂಥ ಮಾತ್ರೆಯಿಂದ ದೂರ ಇರಬೇಕು.

ಜಿಮ್ ವಿಷಯ ಇನ್ನೂ ಮುಖ್ಯ. ವ್ಯಾಯಾಮ ಮಾಡುವಾಗ ಸ್ನಾಯುವಿನಲ್ಲಿ ಫ್ರೀ ರಾಡಿಕಲ್ ಹುಟ್ಟುತ್ತವೆ. ಅದೇ ಸ್ನಾಯುವಿಗೆ ‘ಗಟ್ಟಿಯಾಗು’ ಅಂತ ಹೇಳುವ ಸೂಚನೆ. 2009ರಲ್ಲಿ ಜರ್ಮನಿಯ ಸಂಶೋಧಕರು ವ್ಯಾಯಾಮ ಮಾಡುವ ಯುವಕರಿಗೆ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ ಮತ್ತು 400 ಯೂನಿಟ್ ವಿಟಮಿನ್ ಇ ಕೊಟ್ಟು ನೋಡಿದರು. ಮಾತ್ರೆ ತಗೊಳ್ಳದವರಿಗೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು, ತಗೊಂಡವರಿಗೆ ಆ ಲಾಭ ಸಿಗಲಿಲ್ಲ. ನೀವು ಬೆವರು ಸುರಿಸಿ ಗಳಿಸಿದ್ದನ್ನು ಮಾತ್ರೆ ಅಳಿಸಿಹಾಕಬಾರದು. ಹಣ್ಣು ತಿನ್ನಿ.

ಪ್ರಶ್ನೆ: ಅಮ್ಮನಿಗೆ ಕೀಮೋ ನಡೀತಿದೆ. ಶಕ್ತಿ ಬರುತ್ತೆ ಅಂತ ಸಂಬಂಧಿಕರು ಆ್ಯಂಟಿಆಕ್ಸಿಡೆಂಟ್ ಪುಡಿ ತಂದುಕೊಟ್ಟಿದ್ದಾರೆ. ಕೊಡಲಾ? ಬೇಡ ಅಂದರೆ ಅವರಿಗೆ ಬೇಜಾರಾಗುತ್ತೆ.
– ಮಗಳು

ಉತ್ತರ: ಕ್ಯಾನ್ಸರ್ ಡಾಕ್ಟರಿಗೆ ತೋರಿಸದೆ ಒಂದು ಚಮಚವನ್ನೂ ಕೊಡಬೇಡಿ ತಾಯಿ. ಹಲವು ಕೀಮೋ ಔಷಧಿಗಳು, ರೇಡಿಯೇಷನ್ ಕೂಡ, ಕ್ಯಾನ್ಸರ್ ಕಣಗಳಲ್ಲಿ ಫ್ರೀ ರಾಡಿಕಲ್ ಎಬ್ಬಿಸಿ ಅವುಗಳನ್ನು ಸಾಯಿಸುತ್ತವೆ. ಆ ಹೊತ್ತಿನಲ್ಲಿ ದೊಡ್ಡ ಪ್ರಮಾಣದ ಆ್ಯಂಟಿಆಕ್ಸಿಡೆಂಟ್ ಹೋದರೆ ಸಾಯಬೇಕಾದ ಕಣಕ್ಕೇ ಕೊಡೆ ಹಿಡಿದಂತೆ ಆಗಬಹುದು. ಡಬ್ಬಿಯ ಹಿಂದಿನ ಪಟ್ಟಿಯನ್ನು ಫೋಟೊ ತೆಗೆದುಕೊಂಡು ಮುಂದಿನ ಭೇಟಿಗೆ ಹೋಗಿ. ಸಂಬಂಧಿಕರಿಗೆ ‘ಡಾಕ್ಟರ್ ಈಗ ಬೇಡ ಅಂದಿದ್ದಾರೆ, ಎತ್ತಿಟ್ಟಿದ್ದೇನೆ’ ಅಂತ ಹೇಳಿ. ಅವರ ಪ್ರೀತಿಗೂ ನೋವಾಗಲ್ಲ.

ಊಟಕ್ಕೆ ಹೆದರಬೇಡಿ. ಬೇಯಿಸಿದ ತರಕಾರಿ, ಮೆತ್ತಗಿನ ಹಣ್ಣು, ಬೇಳೆಕಾಳು ಎಲ್ಲ ಕೊಡಬಹುದು. ಬಿಳಿ ರಕ್ತಕಣ ಇಳಿದಿರುವ ದಿನಗಳಲ್ಲಿ ಹಸಿಯಾಗಿ ತಿನ್ನುವ ಬಗ್ಗೆ ಆಸ್ಪತ್ರೆಯವರು ಹೇಳಿದಂತೆ ಮಾಡಿ. ಬಾಯಿ ಹುಣ್ಣಾಗಿದ್ದರೆ ಹುಳಿ ಹಣ್ಣು ಬೇಡ. ಎರಡು ತುತ್ತು ತಿಂದು ಸಾಕು ಅಂದರೆ ಬಲವಂತ ಬೇಡ, ಅರ್ಧ ಗಂಟೆ ಬಿಟ್ಟು ಮತ್ತೆ ಎರಡು ತುತ್ತು. ನೀವೂ ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಪ್ರಶ್ನೆ: ಎಲ್ಲಕ್ಕಿಂತ ಜಾಸ್ತಿ ಆ್ಯಂಟಿಆಕ್ಸಿಡೆಂಟ್ ಇರುವ ಒಂದೇ ಒಂದು ಹಣ್ಣು ಹೇಳಿ, ಅದನ್ನೇ ತಿನ್ನುತ್ತೇವೆ.

ಉತ್ತರ: ಅಂಥ ಪಟ್ಟಿ ಒಂದಿತ್ತು. ಅಮೆರಿಕದ ಕೃಷಿ ಇಲಾಖೆ ಪ್ರತಿ ಆಹಾರಕ್ಕೂ ಆ್ಯಂಟಿಆಕ್ಸಿಡೆಂಟ್ ಅಂಕ ಕೊಟ್ಟಿತ್ತು. ಪರೀಕ್ಷಾ ನಳಿಕೆಯಲ್ಲಿ ಬಂದ ಅಂಕ ದೇಹದೊಳಗೆ ಏನಾಗುತ್ತದೆ ಅಂತ ಹೇಳಲ್ಲ, ವ್ಯಾಪಾರಿಗಳು ಅದನ್ನು ಜಾಹೀರಾತಿಗೆ ಬಳಸುತ್ತಿದ್ದಾರೆ ಅಂತ 2012ರಲ್ಲಿ ತಾನೇ ಆ ಪಟ್ಟಿಯನ್ನು ತೆಗೆದುಹಾಕಿತು. ಸೇಬು ತಿಂದ ಮೇಲೆ ರಕ್ತದ ಆ್ಯಂಟಿಆಕ್ಸಿಡೆಂಟ್ ಅಳತೆ ಏರುವುದು ನಿಜ. ಅದು ಬಹುಪಾಲು ಸೇಬಿನ ಸಕ್ಕರೆಯಿಂದ ನಮ್ಮಲ್ಲೇ ಹೆಚ್ಚುವ ಯೂರಿಕ್ ಆಮ್ಲದ್ದು ಅಂತ ಆಮೇಲೆ ತಿಳಿಯಿತು. ಹಾಗಾಗಿ ಅಂಕ ನೋಡಬೇಡಿ, ಬಣ್ಣ ನೋಡಿ. ಹಣ್ಣು, ತರಕಾರಿ ಸೇರಿ ದಿನಕ್ಕೆ 400 ಗ್ರಾಂ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ದಿನ ತಕ್ಕಡಿಯಲ್ಲಿಟ್ಟು ನೋಡಿ. ನಾವು ತಿನ್ನುತ್ತಿರುವುದು ಎಷ್ಟು ಕಡಿಮೆ ಅಂತ ಗೊತ್ತಾಗುತ್ತದೆ.

ಪ್ರಶ್ನೆ: ಆಂಟಿ, ಬೀಟ್‌ರೂಟ್ ತಿಂದ ಮಾರನೇ ದಿನ ನನಗೆ ಸುಸ್ಸು ಕೆಂಪಗೆ ಬಂತು. ಅಣ್ಣನಿಗೆ ಬರಲಿಲ್ಲ. ಯಾಕೆ?
– ನಾಲ್ಕನೇ ತರಗತಿ ಹುಡುಗ

ಉತ್ತರ: ಒಳ್ಳೆಯ ಪ್ರಶ್ನೆ ಪುಟ್ಟ. ಬೀಟ್‌ರೂಟಿನ ಬಣ್ಣದ ಹೆಸರು ಬೀಟಲೈನ್. ದ್ರಾಕ್ಷಿಯ ನೇರಳೆ ಬಣ್ಣಕ್ಕೂ (ಅದು ಆಂಥೋಸಯಾನಿನ್) ಇದಕ್ಕೂ ಸಂಬಂಧ ಇಲ್ಲ. ಬೀಟಲೈನ್ ಮಾಡುವ ಗಿಡ ಆಂಥೋಸಯಾನಿನ್ ಮಾಡಲ್ಲ, ಅದನ್ನು ಮಾಡುವ ಗಿಡ ಇದನ್ನು ಮಾಡಲ್ಲ. ಕೆಲವರ ಹೊಟ್ಟೆಯಲ್ಲಿ ಈ ಬಣ್ಣ ಪೂರ್ತಿ ಒಡೆದುಹೋಗುತ್ತದೆ, ಇನ್ನು ಕೆಲವರಲ್ಲಿ ಹಾಗೇ ಹೊರಗೆ ಬರುತ್ತದೆ. ನಿಮ್ಮಣ್ಣ ಮೊದಲನೆಯವನು, ನೀನು ಎರಡನೆಯವನು. ದೇಹದಲ್ಲಿ ಕಬ್ಬಿಣಾಂಶ ಕಡಿಮೆ ಇದ್ದವರಿಗೆ ಹೀಗಾಗುವುದು ಸ್ವಲ್ಪ ಜಾಸ್ತಿ. ಅದಕ್ಕೇ ಈ ಪತ್ರವನ್ನು ಅಮ್ಮನಿಗೂ ತೋರಿಸು. ಬೀಟ್‌ರೂಟ್ ತಿನ್ನದ ದಿನವೂ ಕೆಂಪಗೆ ಬಂದರೆ ಮಾತ್ರ ಕೂಡಲೇ ಹೇಳು, ಡಾಕ್ಟರಿಗೆ ತೋರಿಸಬೇಕಾಗುತ್ತದೆ.